ಬೈರೇಶ್ ಪೆಟ್ರೋಲ್ ಬಿಟ್ಟಿದ್ದು

ತ್ಯಾಮಗೊಂಡ್ಲಿನ ಬೈರೇಶ್ ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಹದಿನೆಂಟು ವರ್ಷದಿಂದ ಟಿಲ್ಲರ್ ರಿಪೇರಿ ಮಾಡುತ್ತಿದ್ದ. ಬಿಚ್ಚಿದ ಭಾಗಗಳನ್ನು ತಟ್ಟೆಯಲ್ಲಿ ಪೆಟ್ರೋಲ್ ಸುರಿದು ತೊಳೆಯುವುದೇ ಅವನ ರೂಢಿ. ಮೊನ್ನೆ ಕಬ್ಬಿಣ ಉಜ್ಜುವ ಗ್ರೈಂಡರ್‌ನ ಕಿಡಿ ಹಾರಿ ತಟ್ಟೆ ಭಗ್ಗೆಂದಿತು. ಅಡುಗೆಮನೆಯಿಂದ ಹೆಂಡತಿ ಚೈತ್ರ ಓಡಿಬಂದು ಒದ್ದೆ ಗೋಣಿಚೀಲ ಹೊದಿಸಿ ಆರಿಸಿದಳು.

ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ತೊಳೆಯಲು ಪೆಟ್ರೋಲಿಗೆ ಬದಲು ಹುಡುಕತೊಡಗಿದ. ಸೀಮೆಎಣ್ಣೆ ಎಲ್ಲೂ ಸಿಗಲಿಲ್ಲ. ಡೀಸೆಲ್ ಹಳೇ ಜಿಡ್ಡು ಬಿಡಿಸಿ ತಾನೇ ಎಣ್ಣೆಪಸೆಯಾಗಿ ಉಳಿಯಿತು. ಥಿನ್ನರ್ ವಾಸನೆಗೆ ತಲೆ ಸುತ್ತಿತು, ಅದೂ ಹತ್ತಿಕೊಳ್ಳುವಂಥದ್ದೇ. ಕೊನೆಗೆ ನೆಲಮಂಗಲದ ಅಂಗಡಿಯವನು ನೀರಿಗೆ ಬೆರೆಸಿ ಜಿಡ್ಡು ತೆಗೆಯುವ ಡಿಗ್ರೀಸರ್ ಕೊಟ್ಟು, "ಬೆಂಕಿ ಹತ್ತಲ್ಲ, ಆದ್ರೆ ತಾಳ್ಮೆ ಬೇಕು ಗುರು" ಎಂದ.

ಬಿಸಿನೀರಿಗೆ ಅದನ್ನು ಹಾಕಿ ಗೇರುಗಳನ್ನು ಮುಳುಗಿಸಿದ. ಐದು ನಿಮಿಷಕ್ಕೊಮ್ಮೆ ಎತ್ತಿ ನೋಡಿದರೂ ಜಿಡ್ಡು ಕದಲಿರಲಿಲ್ಲ. ಕೈ ಮತ್ತೆ ಪೆಟ್ರೋಲ್ ಕ್ಯಾನಿನತ್ತ ಹೋಯಿತು.

"ಇದು ಆಗೋದಲ್ಲ ಬಿಡೇ, ಪೆಟ್ರೋಲೇ ಸರಿ."

"ಸೀದ ಪಾತ್ರೆನೂ ನೆನೆಸಿದ್ಮೇಲೇ ಬಿಡೋದು ಕಣ್ರೀ. ಒಂದ್ ಗಂಟೆ ಸುಮ್ನಿರಿ" ಎಂದಳು ಚೈತ್ರ.

ಬೈರೇಶ್ ಶೆಡ್ಡಿನೊಳಗೆ ಶತಪಥ ಹಾಕಿದ. ಗಂಟೆಯಾದ ಮೇಲೆ ಬ್ರಷ್ ಆಡಿಸಿದರೆ ಗೇರಿನ ಹಲ್ಲುಗಳೆಲ್ಲ ಹೊಳೆದವು. ತುಕ್ಕು ಹಿಡಿಯದಂತೆ ಒರೆಸಿ ಬಿಸಿಲಿಗಿಟ್ಟ. ಕ್ಯಾನಿನಲ್ಲಿದ್ದ ಪೆಟ್ರೋಲನ್ನು ಬೈಕಿನ ಟ್ಯಾಂಕಿಗೆ ಸುರಿದುಬಿಟ್ಟ.