ಹಕ್ಕಿ ಇಲ್ಲವೆಂದು ಸಹಿ ಹಾಕಿದ್ದು

ಖಾಡಿಯ ನೀರಿಗೆ, ಊರೊಳಗೆ ಚಾಚಿದ ಕಡಲ ತೋಳಿಗೆ, ಅದರದ್ದೇ ಒಂದು ವೇಳೆ ಇದೆ. ಅದು ಯಾವ ಸಾಹೇಬನಿಗೂ ಕಾಯುವುದಿಲ್ಲ. ಕಡಲ ಬದಿಯಲ್ಲೇ ಹುಟ್ಟಿ ಬೆಳೆದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಆ ಅಕ್ಟೋಬರಿನ ಬೆಳಿಗ್ಗೆ ನಾನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನನ್ನದು ಚೆಂಬೂರಿನಲ್ಲಿ ಒಂದು ಸಣ್ಣ ಉಡುಪಿ ಹೋಟೆಲು. ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೂತು ಕಾಲು ಊದಿಕೊಂಡಾಗ ಡಾಕ್ಟರು ದಿನಾ ನಡೆಯಲೇಬೇಕು ಎಂದರು. ಎಲ್ಲಿ ನಡೆಯುವುದು? ಇಲ್ಲಿ ಫುಟ್‌ಪಾತಿನ ಮೇಲೆ ಬೈಕು ನಿಂತಿರುತ್ತದೆ, ಬೈಕಿನ ಮೇಲೆ ಯಾರೋ ಟವೆಲ್ ಒಣಗಲು ಹಾಕಿರುತ್ತಾರೆ. ಆಗ ದಾರಿ ತೋರಿಸಿದವರು ಟೀಚರ್. ಮೈಸೂರು ಕಡೆಯವರು, ನಮ್ಮ ಏರಿಯಾದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮನೆ ವಿಕ್ರೋಳಿಯಲ್ಲಿದ್ದರೂ ಶನಿವಾರದ ಕಾಫಿಗೆ ನಮ್ಮಲ್ಲಿಗೇ ಬರುತ್ತಿದ್ದರು. "ನಮ್ಮ ಖಾಡಿ ಕಡೆ ಬನ್ನಿ ಅಣ್ಣ, ಕಾಲಿಗೂ ಒಳ್ಳೇದು, ಕಣ್ಣಿಗೂ ಒಳ್ಳೇದು," ಎಂದರು. ಚೆಂಬೂರಿಗೆಲ್ಲ ನಾನು ಅಣ್ಣನೇ, ನನಗಿಂತ ಹತ್ತು ವರ್ಷ ದೊಡ್ಡವರಾದ ಟೀಚರಿಗೂ ಅಣ್ಣನೇ.

ಹಾಗೆ ಸುರುವಾದದ್ದು. ಮೊದಲ ದಿನ ನನಗೆ ಕಂಡದ್ದು ಕೆಸರು, ಸೊಳ್ಳೆ, ಮತ್ತೆ ಕೆಸರು. ಮೂರನೆಯ ವಾರ ಟೀಚರ್ ತಮ್ಮ ದುರ್ಬೀನನ್ನು ನನ್ನ ಕೈಗೆ ಕೊಟ್ಟರು. ಕೆಸರೆಂದು ನಾನು ತಿಳಿದಿದ್ದ ಜಾಗವೆಲ್ಲ ಹಕ್ಕಿಯಾಗಿತ್ತು. ಕೆಂಪು ಕಡ್ಡಿಯಂಥ ಕಾಲಿನ ಮೆಟ್ಟುಗಾಲು ಹಕ್ಕಿಗಳು, ಉದ್ದ ಕೊಕ್ಕಿನ ಗೊರವಗಳು, ಇಷ್ಟಿಷ್ಟೇ ಗಾತ್ರದ ಉಲ್ಲಂಕಿಗಳು. "ಈ ಪುಟಾಣಿ ಇದ್ಯಲ್ಲ, ಹಿಮ ಬೀಳೋ ದೇಶದಿಂದ ಹಾರ್ಕೊಂಡು ಬಂದಿದೆ ಕಣ್ರೀ," ಎಂದರು ಟೀಚರ್. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಆಮೇಲೆ ಸ್ವಂತ ದುರ್ಬೀನು ಬಂತು, ತಲೆಗೆ ಟೊಪ್ಪಿ ಬಂತು. "ಹೋಟೆಲಲ್ಲಿ ಕಾಗೆ ಓಡಿಸುವ ಗಂಡಸಿಗೆ ಅಲ್ಲಿ ಹೋಗಿ ಹಕ್ಕಿ ನೋಡುವ ಮರ್ಲು," ಎಂದು ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಮಳೆ ನಿಂತ ಮೇಲೆ, ಅಕ್ಟೋಬರಿನ ಸೆಕೆಯಲ್ಲಿ, ಬೆವರು ಒರೆಸಿಕೊಳ್ಳುತ್ತ ನೋಡಬೇಕಾದ ಹಕ್ಕಿಗಳು ಇವು. ಆಗ ಫ್ಲೆಮಿಂಗೊಗಳು ಇನ್ನೂ ಬಂದಿರುವುದಿಲ್ಲ. ಈ ಊರಿನವರಿಗೆ ಫ್ಲೆಮಿಂಗೊ ಒಂದೇ ಹಕ್ಕಿ, ಉಳಿದದ್ದೆಲ್ಲ ಕಾಗೆ ಪಾರಿವಾಳ. ಪಿಂಕ್ ಬಣ್ಣ ಇಲ್ಲದಿದ್ದರೆ ಮೊಬೈಲು ಕಿಸೆಯಿಂದ ಹೊರಗೇ ಬರುವುದಿಲ್ಲ.

ಇನ್ನು ಆ ಕೆರೆಯ ವಿಷಯ. ಖಾಡಿ ಮತ್ತು ಅದರ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು ರಕ್ಷಿತ ಪ್ರದೇಶ, ಅಲ್ಲಿಗೆ ಬೋರ್ಡು, ಗೇಟು, ಕಾವಲು ಎಲ್ಲ ಉಂಟು. ಅದರ ಅಂಚಿನಲ್ಲಿ, ಹಳೆಯ ಮಣ್ಣಿನ ದಂಡೆಯ ಈಚೆಗೆ, ಮೊಣಕಾಲಷ್ಟು ನೀರಿನ ಒಂದು ಕೆರೆ. ನೀರು ಇಳಿದಾಗ ಹಕ್ಕಿಗಳೆಲ್ಲ ಖಾಡಿಯ ಕೆಸರಿನಲ್ಲಿ ಮೇಯುತ್ತವೆ. ಉಬ್ಬರ ಬಂದು ಆ ಕೆಸರು ಮುಳುಗಿದಾಗ ಅವಕ್ಕೆ ಕಾಲೂರಲು ಜಾಗವಿಲ್ಲ. ಆಗ ಎಲ್ಲವೂ ದಂಡೆ ದಾಟಿ ಈ ಕೆರೆಗೆ ಬಂದು ಒಂದೂವರೆ, ಎರಡು ಗಂಟೆ ಕಾಲೂರಿ ನಿಲ್ಲುತ್ತವೆ. ನೀರು ಇಳಿದ ಕೂಡಲೇ ಎದ್ದು ಹೋಗುತ್ತವೆ. ಕೆರೆಯ ಕೆಲಸ ಅಷ್ಟೇ. ಆದರೆ ಅದು ಇಲ್ಲದಿದ್ದರೆ ಬೇರೆ ಎಲ್ಲಿಯೂ ಇಲ್ಲ.

ರಕ್ಷಿತ ಪ್ರದೇಶದ ಗಡಿಯನ್ನು ಹೊಸದಾಗಿ ಗುರುತು ಮಾಡುತ್ತಾರೆ ಎಂದು ಆ ವರ್ಷ ಗೊತ್ತಾಯಿತು. ಕೆರೆ ಗಡಿಯ ಒಳಗೆ ಬಂದರೆ ಉಳಿಯಿತು, ಹೊರಗೆ ಬಿದ್ದರೆ ಮಣ್ಣು ತುಂಬಿಸಲು ಲಾರಿಗಳು ತಯಾರಾಗಿದ್ದವು. ಟೀಚರ್ ಅರ್ಜಿ ಬರೆದರು, ಬರೆದರು, ಬರೆಯುತ್ತಲೇ ಇದ್ದರು. ಮೊಣಕಾಲು ನೋವಿನ ಆ ಹೆಂಗಸು ಆಫೀಸಿನ ಮೆಟ್ಟಿಲು ಎಷ್ಟು ಸಲ ಹತ್ತಿ ಇಳಿದರೋ ದೇವರಿಗೇ ಗೊತ್ತು. ಕೊನೆಗೆ ಒಬ್ಬ ಸಾಹೇಬರು ಸ್ಥಳಕ್ಕೆ ಬಂದು ಕಣ್ಣಾರೆ ನೋಡಿ ವರದಿ ಕೊಡುತ್ತಾರೆ ಎಂದಾಯಿತು. ಟೀಚರ್ ಉಬ್ಬರದ ಪಟ್ಟಿ ಮುಂದಿಟ್ಟುಕೊಂಡು ದಿನ, ವೇಳೆ ಗೊತ್ತುಮಾಡಿಸಿದರು. ಅವತ್ತು ಒಂಬತ್ತಕ್ಕೆ ತುಂಬು ಉಬ್ಬರ. ಎಂಟರಿಂದ ಸುಮಾರು ಹತ್ತರವರೆಗೆ ಹಕ್ಕಿ ಕೂತಿರುತ್ತದೆ. ಆ ಎರಡು ಗಂಟೆಯೊಳಗೆ ಸಾಹೇಬರನ್ನು ಕೆರೆಯ ದಂಡೆಯ ಮೇಲೆ ನಿಲ್ಲಿಸಬೇಕು, ಅಷ್ಟೇ ಕೆಲಸ.

"ಜಾಗ ಅವರಿಗೆ ಸಿಕ್ಕುವುದಿಲ್ಲ ಟೀಚರ್. ನಮ್ಮ ಹೋಟೆಲಿಗೆ ಬರಲಿ, ನಾನು ಕರ್ಕೊಂಡು ಬರ್ತೇನೆ," ಎಂದವನು ನಾನೇ. ಯಾರೂ ಕೇಳಿರಲಿಲ್ಲ. ನನ್ನ ಬಾಯಿ ಸುಮ್ಮನಿರಬೇಕಲ್ಲ!

ಸಾಹೇಬರು ಎಂಟೂಕಾಲಿಗೆ ಜೀಪಿನಲ್ಲಿ ಬಂದರು. ಜೊತೆಗೆ ಒಬ್ಬ ಕ್ಲಾರ್ಕು, ಒಬ್ಬ ಡ್ರೈವರು. ಅವರ ತಪ್ಪಿಲ್ಲ, ಇದನ್ನು ಸಿಟ್ಟಿನಲ್ಲೂ ಹೇಳಬೇಕು. ಅವರು ಕೂರಲಿಲ್ಲ, ಬಾಗಿಲಲ್ಲೇ ನಿಂತು "ಚಲಾ, ನಿಘೂಯಾ," ಹೊರಡೋಣ ಎಂದರು. ಆಗಲೇ ಹೊರಟಿದ್ದರೆ ಒಂಬತ್ತಕ್ಕೆ ಕೆರೆಯ ಮೇಲಿರುತ್ತಿದ್ದೆವು. ಆದರೆ ನಮ್ಮ ಜಾತಿಯ ಜನಕ್ಕೆ, ಹೋಟೆಲಿನ ಜನಕ್ಕೆ, ಒಂದು ರೋಗ ಉಂಟು. ಬಾಗಿಲಿಗೆ ಬಂದವನನ್ನು ಖಾಲಿ ಹೊಟ್ಟೆಯಲ್ಲಿ ಕಳಿಸಿದರೆ ನಮಗೆ ಅವತ್ತು ನಿದ್ರೆ ಇಲ್ಲ. "ಒಂದು ಕಾಫಿ ಸಾಹೇಬ್, ಎರಡೇ ಮಿನಿಟು," ಎಂದೆ. ಕಾಫಿಯ ಜೊತೆ ಇಡ್ಲಿ ಬಂತು. ಇಡ್ಲಿಯ ಹಿಂದೆ ವಡೆ ಬಂತು. ಶೀರಾ ಆಗಷ್ಟೇ ಇಳಿಸಿದ್ದು, ತಿನ್ನದೆ ಹೋಗುವುದುಂಟೇ? ಸಾಹೇಬರು "ಬಸ್ ಬಸ್" ಎನ್ನುತ್ತಲೇ ತಿಂದರು. ತಿನ್ನುವವರ ಮುಖ ಅರಳುವುದು ನೋಡಿದರೆ ನನಗೆ ಮೈ ಮೇಲೆ ಎಚ್ಚರವಿರುವುದಿಲ್ಲ.

ಎಂಟೂ ಐವತ್ತಕ್ಕೆ ಟೀಚರ್ ಫೋನು. ಅವರು ಬೆಳಿಗ್ಗೆ ಏಳಕ್ಕೇ ಕೆರೆಯ ಹತ್ತಿರ ಹೋಗಿ ನಿಂತಿದ್ದರು.

"ಎಲ್ಲಿದ್ದೀರ? ಬೇಗ ಬನ್ನಿ ಅಣ್ಣ! ಕೆರೆ ತುಂಬ ಕೂತಿವೆ, ಒಂದು ಕಾಲಿಡೋಕೆ ಜಾಗ ಇಲ್ಲ!"

"ಬಂದೆವು ಟೀಚರ್, ಹೊರಟೆವು."

ಹೊರಟಿರಲಿಲ್ಲ. ಫೋನು ಇಟ್ಟವನೇ ಭಟ್ಟಿಯ ಕಡೆ ತಿರುಗಿ ನಾನು ಕೂಗಿದ್ದೇನು? "ಮೂರು ಮಸಾಲೆ, ತುಪ್ಪ ಹಾಕಿ!" ಯಾರೂ ಕೇಳದ ಮಸಾಲೆ ದೋಸೆ. ನಮ್ಮ ಮಸಾಲೆ ದೋಸೆ ತಿಂದವನು ನಮ್ಮ ಪರವಾಗಿ ಬರೆಯದೆ ಇರುತ್ತಾನೆಯೇ ಎಂಬ ಲೆಕ್ಕಾಚಾರ ತಲೆಯ ಯಾವುದೋ ಮೂಲೆಯಲ್ಲಿ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಎಂಥ ಮಂಡೆ ನನ್ನದು! ಅದರೊಳಗೆ ಮಿದುಳಿತ್ತೋ ರುಬ್ಬಿದ ಹಿಟ್ಟಿತ್ತೋ.

ನಾವು ಎದ್ದದ್ದು ಒಂಬತ್ತೂಕಾಲಿಗೆ. ಹೈವೇಯಲ್ಲಿ ಒಂದು ಟ್ಯಾಂಕರು ಕೆಟ್ಟು ನಿಂತಿತ್ತು. ಜೀಪು ಇಂಚಿಂಚಾಗಿ ಮುಂದೆ ಹೋಗುತ್ತಿತ್ತು. ಟೀಚರ್ ಮತ್ತೆ ಎರಡು ಸಲ ಫೋನು ಮಾಡಿದರು. ಎರಡನೆಯ ಸಲ ನಾನು ಎತ್ತಲಿಲ್ಲ. ಸಾಹೇಬರು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದರು, ಹೊಟ್ಟೆ ತುಂಬಿದವರ ಲಕ್ಷಣ. ಜೀಪು ಬಿಟ್ಟು ದಂಡೆಯ ಮೇಲೆ ನಡೆದು ಕೆರೆ ಮುಟ್ಟುವಾಗ ಹತ್ತೂಮುಕ್ಕಾಲು ಆಗಿತ್ತು.

ಕೆರೆಯಲ್ಲಿ ಒಂದೂ ಹಕ್ಕಿ ಇರಲಿಲ್ಲ.

ನೀರಿನ ಮೇಲೆ ಪುಕ್ಕ ತೇಲುತ್ತಿತ್ತು. ಅಂಚಿನ ಕೆಸರಿನ ಮೇಲೆಲ್ಲ ಹೆಜ್ಜೆ ಗುರುತು, ಹಿಕ್ಕೆ. ಟೀಚರ್ ಸೀರೆ ಎತ್ತಿ ಕಟ್ಟಿಕೊಂಡು ಬಿಸಿಲಿನಲ್ಲಿ ನಿಂತಿದ್ದರು. ನನ್ನನ್ನು ಬೈಯಲಿಲ್ಲ. ನೇರ ಸಾಹೇಬರ ಹತ್ತಿರ ಹೋಗಿ ಮೊಬೈಲು ತೋರಿಸಿದರು. ಒಂಬತ್ತು ಗಂಟೆಗೆ ತೆಗೆದ ಫೋಟೊ, ಕೆರೆ ಕಾಣದಷ್ಟು ಹಕ್ಕಿ. ಉಬ್ಬರ ಎಂದರೇನು, ಇಳಿತ ಎಂದರೇನು, ಎಲ್ಲ ಒಂದನೆಯ ಕ್ಲಾಸಿನ ಮಗುವಿಗೆ ಹೇಳುವಂತೆ ಹಿಂದಿಯಲ್ಲಿ ಹೇಳಿದರು. ನಾಳೆ ಉಬ್ಬರ ಮುಕ್ಕಾಲು ಗಂಟೆ ತಡವಾಗಿ ಬರುತ್ತದೆ, ಹತ್ತು ಗಂಟೆಗೆ ಬನ್ನಿ, ಇನ್ನೊಂದೇ ಸಲ ಬನ್ನಿ ಎಂದು ಕೈ ಮುಗಿದರು. ಆ ಕೈ ಮುಗಿದದ್ದು ನನ್ನ ಕಣ್ಣಿಂದ ಹೋಗುವುದಿಲ್ಲ.

ಸಾಹೇಬರು ಫೋಟೊ ನೋಡಿದರು. ಫೋಟೊ ಎಲ್ಲಿಯದೂ ಇರಬಹುದು, ಪಂಚನಾಮೆಯೆಂದರೆ ಸ್ಥಳದಲ್ಲಿ ಕಂಡದ್ದು ಎಂದರು. ಮತ್ತೊಮ್ಮೆ ಬರಲು ಮತ್ತೊಂದು ಆರ್ಡರು ಬೇಕು ಎಂದರು. "ಔರ್ ಫ್ಲೆಮಿಂಗೊ ಕಿಧರ್ ಹೈ?" ಫ್ಲೆಮಿಂಗೊ ಎಲ್ಲಿ ಎಂದೂ ಕೇಳಿದರು. ಕ್ಲಾರ್ಕು ಕೈಯಲ್ಲಿದ್ದ ಫೈಲಿನ ಮೇಲೆ ಕಾಗದ ಇಟ್ಟು ಮರಾಠಿಯಲ್ಲಿ ಬರೆದ. ಭೇಟಿಯ ವೇಳೆಯಲ್ಲಿ ಯಾವುದೇ ಪಕ್ಷಿ ಕಂಡುಬಂದಿಲ್ಲ, ನಿಂತ ಕೊಳಕು ನೀರಿನ ಹಳ್ಳವಿದೆ. ಅದಕ್ಕೆ ಸ್ಥಳೀಯರಾದ ಇಬ್ಬರು ಪಂಚರ ಸಹಿ ಬೇಕು.

ಕಾಗದ ಮೊದಲು ಟೀಚರ್ ಹತ್ತಿರ ಹೋಯಿತು. "ನಾನು ಹಾಕಲ್ಲ," ಎಂದು ಕನ್ನಡದಲ್ಲೇ ಹೇಳಿ ಕೈ ಕಟ್ಟಿಕೊಂಡರು. ಭಾಷೆ ಬಾರದ ಕ್ಲಾರ್ಕಿಗೂ ಅರ್ಥವಾಯಿತು.

ಸಾಹೇಬರು ನನ್ನ ಕಡೆ ತಿರುಗಿ ನಕ್ಕರು. "ಅಣ್ಣಾ, ಆಪ್ ತೋ ಅಪ್ನೇ ಆದ್ಮಿ ಹೋ," ನೀವು ನಮ್ಮವರೇ ಎಂದರು. ಆಮೇಲೆ ಮೆಲ್ಲನೆ ಕೇಳಿದರು, ಈಗ ಇಲ್ಲಿ ಹಕ್ಕಿ ಉಂಟೇ, ಇಲ್ಲವೇ, ನಿಜ ಹೇಳಿ.

ಇಲ್ಲ. ಆ ಕ್ಷಣಕ್ಕೆ ಇರಲಿಲ್ಲ.

ನನಗೆ ಮರಾಠಿ ಓದಲು ಬರುತ್ತದೆ. ಮೋಸ ಮಾಡಿ ಹಾಕಿಸಿಕೊಂಡರು ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ದಿನಾ ಬೆಳಗಾದರೆ ಹಾಲಿನವನ ಮೇಲೆ, ಗ್ಯಾಸಿನವನ ಮೇಲೆ, ಚಟ್ನಿಗೆ ಉಪ್ಪು ಮರೆತವನ ಮೇಲೆ ಬೀದಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆಯುವ ಗಂಡಸು ನಾನು. ಅಲ್ಲಿ ನನ್ನ ನಾಲಿಗೆಗೆ ಏನಾಗಿತ್ತು? ಒಂದೂವರೆ ಗಂಟೆಯ ಹಿಂದೆ ನಮ್ಮ ಎಲೆಯಲ್ಲಿ ಉಂಡವರ ಜೊತೆ ಜಗಳಾಡುವುದು ಹೇಗೆ ಎಂಬ ದಾಕ್ಷಿಣ್ಯ. ಸಾಹೇಬರ ಮುಖ ಕೆಡುತ್ತದಲ್ಲ ಎಂಬ ಹಾಳು ದಾಕ್ಷಿಣ್ಯ. ಸಹಿ ಹಾಕಿದೆ. ಚಂದ ಮಾಡಿ, ಪೂರ್ತಿ ಹೆಸರು ಬರೆದು ಹಾಕಿದೆ. ಇನ್ನೊಂದು ಸಹಿಗೆ ದೂರದಲ್ಲಿ ಏಡಿ ಹಿಡಿಯುತ್ತಿದ್ದವನೊಬ್ಬನನ್ನು ಕರೆದರು. ಅವನು ಏನು ಎತ್ತ ಎಂದು ಕೇಳದೆ ಹೆಬ್ಬೆಟ್ಟು ಒತ್ತಿದ. ಹೋಗುವಾಗ ಸಾಹೇಬರು ನನ್ನ ಭುಜ ತಟ್ಟಿ, ದೋಸೆ ಬಹಳ ಚೆನ್ನಾಗಿತ್ತು ಎಂದರು.

ಜೀಪು ಹೋದ ಮೇಲೆ ನಾನು ಟೀಚರ್ ಕಡೆ ನೋಡಿದೆ. ಅವರು ದುರ್ಬೀನಿನ ಗಾಜು ಒರೆಸುತ್ತಿದ್ದರು. "ಟೀಚರ್, ಎಂತ ಮಾಡುವುದು, ಟ್ರಾಫಿಕ್ಕು..." ಎಂದೆ. ಅವರು ದುರ್ಬೀನನ್ನು ಚೀಲಕ್ಕೆ ಹಾಕಿ ನಡೆದುಬಿಟ್ಟರು. ಆ ಶನಿವಾರ ಕಾಫಿಗೆ ಬರಲಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ.

ಬೇಸಿಗೆಯಲ್ಲಿ ಗಡಿಯ ಆದೇಶ ಬಂತು. ಕೆರೆ ಹೊರಗೆ ಬಿದ್ದಿತ್ತು. ಸ್ಥಳೀಯ ಪಂಚರೂ ಒಪ್ಪಿದ್ದಾರೆ ಎಂದು ಒಂದು ಸಾಲು ಇತ್ತು. ನಾನು ಆ ಆಫೀಸಿಗೆ ಹೋಗಿ ಮೇಜು ಗುದ್ದಿ ಕೂಗಿದೆ, ಎದುರಿಗಿದ್ದವನ ಅಪ್ಪ ಅಜ್ಜನನ್ನೆಲ್ಲ ಎಳೆದು ಬೈದೆ. ಆ ಸಾಹೇಬರಿಗೆ ಆಗಲೇ ವರ್ಗವಾಗಿತ್ತು. ಹೊಸಬ ಫೈಲು ತಿರುಗಿಸಿ, "ಈ ಸಹಿ ನಿಮ್ಮದೇ ಅಲ್ಲವೇ?" ಎಂದು ಮರಾಠಿಯಲ್ಲಿ ಕೇಳಿದ. ಪ್ಯೂನು ಬಂದು ನನ್ನನ್ನು ಕೈ ಹಿಡಿದು ಹೊರಗೆ ಬಿಟ್ಟ. ಮಳೆಗೆ ಮೊದಲೇ ಲಾರಿಗಳು ಬಂದವು. ಯಾವ್ಯಾವುದೋ ಬಿಲ್ಡಿಂಗು ಕೆಡವಿದ ಇಟ್ಟಿಗೆ, ಟೈಲ್ಸು, ಕಕ್ಕಸಿನ ಒಡೆದ ಚೂರುಗಳಿಂದ ಕೆರೆ ತುಂಬಿತು. ಸುತ್ತ ತಗಡು ನಿಂತಿತು.

ಈ ಅಕ್ಟೋಬರಿನಲ್ಲಿ ನಾನು ಹೋಗಬಾರದೆಂದೇ ಇದ್ದೆ. ಉಬ್ಬರದ ವೇಳೆ ಬಾಯಿಪಾಠವಾಗಿಬಿಟ್ಟಿದೆ, ಅದೊಂದು ಶನಿಕಾಟ. ಹತ್ತಕ್ಕೆ ತುಂಬು ಉಬ್ಬರವಿದ್ದ ಒಂದು ದಿನ ಕಾಲು ತಾನಾಗಿ ದಂಡೆಗೆ ಕರೆದುಕೊಂಡು ಹೋಯಿತು. ಟೀಚರ್ ಆಗಲೇ ಅಲ್ಲಿ ನಿಂತಿದ್ದರು. ಸೊರಗಿದ್ದರು, ಕೈಯಲ್ಲಿ ಕೋಲು ಬಂದಿತ್ತು. ನಾನು ಹತ್ತು ಹೆಜ್ಜೆ ದೂರ ನಿಂತೆ.

ಒಂಬತ್ತರ ಹೊತ್ತಿಗೆ ಕಾಂಡ್ಲಾದ ಮೇಲಿಂದ ಹಕ್ಕಿಗಳು ಬಂದವು. ಗೊರವ, ಮೆಟ್ಟುಗಾಲು, ಹಿಂದೆ ಹೊಗೆಯಂತೆ ಉಲ್ಲಂಕಿಗಳು. ಕೆರೆಯಿದ್ದ ಜಾಗಕ್ಕೆ ಸರಿಯಾಗಿ ಬಂದು ರೆಕ್ಕೆ ತಗ್ಗಿಸಿ ಇಳಿದವು, ಇಟ್ಟಿಗೆ ಕಂಡು ಮತ್ತೆ ಎದ್ದವು. ಒಂದು ಸುತ್ತು ಹೊಡೆದು ಮತ್ತೆ ಇಳಿಯಲು ನೋಡಿದವು. ಹಿಂದೆ ಖಾಡಿ ಪೂರ್ತಿ ತುಂಬಿತ್ತು, ಕೆಳಗೆ ತಗಡು. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಗಳು ನಮ್ಮ ತಲೆಯ ಮೇಲೆ ಸುತ್ತು ಹಾಕುತ್ತಲೇ ಇದ್ದವು. ಒಂದೂವರೆ ಗಂಟೆ ನಾವಿಬ್ಬರೂ ನಿಂತಿದ್ದೆವು, ಒಂದೂವರೆ ಗಂಟೆ ಅವು ಹಾರಿದವು. ಕೆಲವು ಉಲ್ಲಂಕಿಗಳು ಸುಸ್ತಾಗಿ ಕೆಳಕೆಳಗೆ ಹಾರತೊಡಗಿದ್ದವು. ನನಗೆ ತಡೆಯಲಾಗಲಿಲ್ಲ. ಒಂದು ಕಲ್ಲು ತೆಗೆದು ಆ ತಗಡಿಗೆ ಬೀಸಿ ಹೊಡೆದೆ. ಇನ್ನೊಂದು ಹೊಡೆದೆ. ಆ ಸಾಹೇಬನ ವಂಶಕ್ಕೆಲ್ಲ ತುಳುವಿನಲ್ಲಿ ಶಾಪ ಹಾಕುತ್ತ ಕೈ ನೋಯುವವರೆಗೆ ಹೊಡೆದೆ.

ಟೀಚರ್ ತಿರುಗಿದರು. ಒಂದು ವರ್ಷದ ನಂತರ ಮೊದಲ ಮಾತು.

"ತುಂಬ ಸಿಟ್ಟು ಬಂದಿದೆಯಾ ಅಣ್ಣ?"

"ಬಾರದೆ ಇರ್ತದಾ ಟೀಚರ್? ನೋಡಿ ಇವರು ಮಾಡಿದ್ದು!"

ಅವರು ನನ್ನ ಕೈಯಲ್ಲಿದ್ದ ಕಲ್ಲನ್ನು ನೋಡಿದರು.

"ಈ ಸಿಟ್ಟು ಆವತ್ತು ಎಲ್ಲಿಗೆ ಹೋಗಿತ್ತು?"