ಸಂದರ್ಶನಕ್ಕೆ ಹೋದ ಕಂಬಳಿ

ಹೆಸರಾಂತ ಕಾಲೇಜಿನ ಸಂದರ್ಶನಕ್ಕೆ ಜಮಖಂಡಿಯಿಂದ ನನ್ನ ಜೊತೆ ಹೊರಟ ಅಪ್ಪ ಹೆಗಲಿಗೆ ಹೊಸ ಕರಿಕಂಬಳಿ ಹಾಕಿಕೊಂಡಿದ್ದ. ಕುರಿ ಕಾಯುವ ನಮ್ಮ ಮಂದಿ ಅದನ್ನು ಮದುವೆಗೆ, ಬೀರಪ್ಪನ ಪೂಜೆಗೆ ಮಾತ್ರ ಹೊರತೆಗೆಯುತ್ತಾರೆ.

ನನ್ನ ಫೀ ಮಾಫಿಯ ಅರ್ಜಿ ಹಿಡಿದಿದ್ದ ಪ್ರೊಫೆಸರರು ಅಪ್ಪನನ್ನು ನೋಡಿ, “ಬಡತನ ತೋರಿಸೋಕೆ ಕಂಬಳಿ ಬೇರೆ ಹೊದ್ದು ಬರಬೇಕಿತ್ತಾ? ಆದಾಯ ಪ್ರಮಾಣಪತ್ರ ಸಾಕಾಗಿತ್ತು” ಎಂದರು. ನನ್ನ ಮೈಯೆಲ್ಲ ಉರಿಯಿತು. ಅಪ್ಪ ಮಾತ್ರ ಮೆಲ್ಲಗೆ, “ನಿಮಗ ಮರ್ಯಾದಿ ಕೊಡಾಕ ಹಾಕ್ಕೊಂಡ ಬಂದೀನ್ರಿ” ಎಂದ. ಅವರು ಅರ್ಜಿಯಿಂದ ತಲೆ ಎತ್ತಲಿಲ್ಲ.

ಸೀಟು ಕೊಟ್ಟರು. ಕೊಡದೆ ಏನು ಮಾಡುತ್ತಾರೆ, ಅಂಕ ನನ್ನವು. ಪದವಿ ಪ್ರದಾನದ ದಿನ ಅಪ್ಪ ಬರಿ ಹೆಗಲಲ್ಲಿ ಹೊರಟ. ಕಂಬಳಿ ಎಲ್ಲಿ ಎಂದು ಕೇಳಿದೆ.

“ಅದನ್ನ ಹಾಕ್ಕೊಂಡ ಹೋಗುವಂಥಾ ದೊಡ್ಡ ಮಂದಿ ಅಲ್ಲಿ ಯಾರ ಅದಾರ? ನಡಿ” ಎಂದ.