ಅವಳು ಮಾಡದ ಆಣೆ

ಮುಂಬಯಿಯ ಜೋಗೇಶ್ವರಿಯಲ್ಲಿರುವ ನಮ್ಮ ಬಿಲ್ಡಿಂಗಿನ ಗೇಟು ದಾಟಲು ಮನೆಗೆಲಸದವರಿಗೆ ಒಂದು ಕಾರ್ಡು ಬೇಕು. ಯಾದಗಿರಿ ಕಡೆಯ ಆ ಹೆಂಗಸಿನ ಕಾರ್ಡನ್ನು ಕಿತ್ತುಕೊಂಡ ಭಾನುವಾರ ನಾನು ಸೊಸೈಟಿ ಆಫೀಸಿನಲ್ಲೇ ಇದ್ದೆ. ಅವಳಿಗಿದ್ದ ನಾಲ್ಕು ಮನೆಗಳ ಕೆಲಸವೂ ಆ ಕಾರ್ಡಿನ ಮೇಲೆಯೇ ನಿಂತಿತ್ತು.

ಆರನೇ ಮಹಡಿಯ ಮನೆಯಲ್ಲಿ ಚಿನ್ನದ ಸರ ಕಾಣೆಯಾಗಿತ್ತು. ಅಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಳು, ಎಂಟು ತಿಂಗಳ ಮಗುವನ್ನೂ ನೋಡಿಕೊಳ್ಳುತ್ತಿದ್ದಳು. ಹಿಂದಿ ಅವಳಿಗೆ ಬರುತ್ತಿತ್ತು. ಹೆದರಿದಾಗ ಮಾತ್ರ ಬಾಯಿಗೆ ಬರುತ್ತಿದ್ದುದು ಕನ್ನಡವೇ. ಅದಕ್ಕೆ ಸೆಕ್ರೆಟರಿ ನನ್ನನ್ನು ಕರೆಸಿದ್ದರು. ಪತ್ರಿಕೆಯಲ್ಲಿ ಕೆಲಸ ಮಾಡುವವನು, ಹೇಳಿದ್ದನ್ನು ಹೇಳಿದ ಹಾಗೇ ತಿಳಿಸುತ್ತಾನೆ ಎಂಬ ನಂಬಿಕೆ ಅವರಿಗೆ. ನನಗೂ ಇತ್ತು.

“ನಾ ತಗೊಂಡಿಲ್ರಿ ಅಣ್ಣಾರ,” ಅಂದಳು. ಅದನ್ನು ಹಿಂದಿಯಲ್ಲಿ ಹೇಳಿದೆ.

ಅವಳ ಸೆರಗಿನ ತುದಿಯಲ್ಲಿ ಯಾವಾಗಲೂ ಎಲ್ಲಮ್ಮನ ಭಂಡಾರದ, ಅಂದರೆ ಗುಡಿಯ ಅರಿಶಿನದ, ಪುಟ್ಟ ಗಂಟೊಂದು ಇರುತ್ತಿತ್ತು. ಆರನೇ ಮಹಡಿಯ ಯಜಮಾನಿಗೆ ಅದು ಗೊತ್ತು. “ಅಪ್ನೀ ದೇವೀ ಕೀ ಹಲ್ದಿ ಛೂಕೇ ಬೋಲ್. ಮಾನ್ ಲೇಂಗೇ,” ಅಂದರು. ದೇವಿಯ ಅರಿಶಿನ ಮುಟ್ಟಿ ಹೇಳಿದರೆ ನಂಬುತ್ತಾರಂತೆ.

ಅವಳ ಕೈ ಸೆರಗಿನವರೆಗೆ ಹೋಗಿ ನಿಂತಿತು. “ಆಣಿ ಮಾಡಂಗಿಲ್ರಿ.”

ಅದನ್ನೂ ಹಾಗೇ ತಿಳಿಸಿದೆ. ಯಾಕೆ ಎಂದು ಕೇಳಲಿಲ್ಲ. ಹೊಸ ವರದಿಗಾರರನ್ನು ಇದೇ ತಪ್ಪಿಗೆ ಎಷ್ಟೋ ಸಲ ಗದರಿದ್ದೇನೆ.

“ಬಸ್, ಹೋ ಗಯಾ ಫೈಸಲಾ,” ತೀರ್ಮಾನ ಆಗಿಹೋಯಿತು ಎಂದು ಸೆಕ್ರೆಟರಿ ಕಾರ್ಡಿಗೆ ಕೈ ಚಾಚಿದರು.

ಆಗ ಯಾಕೆ ಎಂದು ಅವಳನ್ನು ಕೇಳಿದೆ. “ಸುಳ್ಳ ಅಪವಾದಕ್ಕ ಭಂಡಾರ ಮುಟ್ಟಿದ್ರ, ಹೊರಿಸಿದವ್ರ ಮನಿಗೆ ತಟ್ಟತೈತ್ರಿ ಅಣ್ಣಾರ. ಆ ಮನ್ಯಾಗ ಕೂಸೈತಿ. ನಾ ಎತ್ತಿ ಆಡಿಸಿದ ಕೂಸು.”

ಅದನ್ನು ಹಿಂದಿಗೆ ತಂದದ್ದೇ ತಡ, ಯಜಮಾನಿ ಎದ್ದು ನಿಂತರು. “ಸುನಾ ಆಪ್ನೇ? ಮೇರೇ ಬಚ್ಚೇ ಕೋ ಶಾಪ್ ದೇ ರಹೀ ಹೈ!” ಮಗುವಿಗೆ ಶಾಪ ಹಾಕುತ್ತಿಲ್ಲ, ಅದಕ್ಕೆ ಏನೂ ಆಗಬಾರದೆಂದೇ ಆಣೆ ಮಾಡುತ್ತಿಲ್ಲ ಎಂದು ಎರಡು ಸಲ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಕಾರ್ಡು ಮೇಜಿನ ಖಾನೆ ಸೇರಿತ್ತು.

ಗೇಟಿನವರೆಗೆ ಅವಳ ಜೊತೆ ನಡೆದೆ. ಪೊಲೀಸರ ಹತ್ತಿರ ಹೋಗೋಣವೇ ಎಂದೆ.

“ಬ್ಯಾಡ್ರಿ. ಇಲ್ಲಿ ಮೂರು ಮಂದಿ ಕೇಳಿದ್ರು, ಅಲ್ಲಿ ಹತ್ತು ಮಂದಿ ಕೇಳ್ತಾರ. ಎಲ್ಲಮ್ಮಗ ಎಲ್ಲಾ ಗೊತ್ತೈತಿ.”

“ಗೊತ್ತಿದ್ದರೆ ಇವತ್ತು ಯಾಕೆ ಸುಮ್ಮನಿದ್ದಳು?” ಬಾಯಿ ತಪ್ಪಿ ಕೇಳಿಬಿಟ್ಟೆ.

ಅವಳು ನನ್ನ ಮುಖ ನೋಡಿ ಅರ್ಧ ನಕ್ಕಳು. “ನೀವೂ ಮೊದಲ ಸುಮ್ನ ಇದ್ರಲ್ರೀ. ಯಾಕಂತ ನಿಮ್ಮನ್ನ ಕೇಳೀನೇನು?” ಆಮೇಲೆ ತಗ್ಗಿದ ದನಿಯಲ್ಲಿ, “ಆಕಿ ಕೈ ಬಿಡಂಗಿಲ್ರಿ. ಯಾವಾಗ ನೋಡ್ತಾಳೋ ಅದು ಆಕಿ ಕೆಲಸ,” ಅಂದಳು. ಗೇಟು ದಾಟಿದ ಮೇಲೆ ತಿರುಗಿ ನಿಂತು, “ಕೂಸಿಗೆ ಹನ್ನೊಂದಕ್ಕ ಗಂಜಿ ಕೊಡಬೇಕು. ಅಕ್ಕಾರು ಮರೀತಾರ. ಒಂದೀಟ ಹೇಳ್ರಿ,” ಅಂದಳು.

ಆರನೇ ಮಹಡಿಗೆ ಹೋಗಿ ಬೆಲ್ ಒತ್ತಿದೆ. ಒಳಗೆ ಮಗು ಅಳುತ್ತಿತ್ತು. ಬಾಗಿಲ ಕಿಂಡಿಯಲ್ಲಿ ಕಣ್ಣೊಂದು ಕಂಡು ಮರೆಯಾಯಿತು. ಬಾಗಿಲು ತೆರೆಯಲಿಲ್ಲ.

ಸರ ಸಿಕ್ಕಿತೋ ಇಲ್ಲವೋ ನನಗೆ ತಿಳಿದಿಲ್ಲ. ಸೆಕ್ರೆಟರಿಗೆ ಕೊಟ್ಟ ನನ್ನ ಎರಡು ಕಾಗದಗಳಿಗೆ ಉತ್ತರ ಬಂದಿಲ್ಲ. ಅವಳ ಕಾರ್ಡು ಇನ್ನೂ ಆ ಖಾನೆಯಲ್ಲೇ ಇದೆ.